ಉದುರಿದ ಪುಳ್ಳೆ ಯಾರದ್ದು? ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ನಿನಗೆ ನಿದ್ದೆ ಬಂದಿತ್ತು, ನನಗೆ ಸಿಟ್ಟು ಬಂದಿತ್ತು. "ಮಾರ್ಕ್ಸನ್ನು ಒಪ್ಪಿದವನು ಹುಟ್ಟಿನಿಂದ ಬಂದ ಹಕ್ಕು, ಮನುಷ್ಯನ ಘನತೆ ಅಂತೆಲ್ಲ ಮಾತಾಡಬಾರದು, ಅದು ಆಸ್ತಿವಂತರ ಭಾಷೆ" ಅಂದೆ ನೀನು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಯಾವಾಗಲೂ ಹಾಗೇ, ಜಗಳ ಮುಗಿದ ಮೇಲೇ ನನಗೆ ಮಾತು ಸಿಗುವುದು. ಅದಕ್ಕೇ ಈ ಕಾಗದ.

ಪುಳ್ಳೆಯಿಂದ ಶುರು ಮಾಡುತ್ತೇನೆ. 1842ರಲ್ಲಿ ಮಾರ್ಕ್ಸ್‌ಗೆ ಬರೀ 24 ವರ್ಷ. ಜರ್ಮನಿಯ ಕಲೋನ್ ನಗರದ 'ರೈನಿಶೆ ಝೈಟುಂಗ್' ಪತ್ರಿಕೆಗೆ ಬರೆಯುತ್ತಿದ್ದ. ಕಾಡಿನಲ್ಲಿ ತಾನಾಗಿ ಉದುರಿದ ಒಣ ಪುಳ್ಳೆಯನ್ನು ಬಡವರು ಆಯ್ದುಕೊಂಡು ಹೋದರೆ ಅದನ್ನೂ ಕಳ್ಳತನ ಅಂತಲೇ ಲೆಕ್ಕ ಹಾಕಬೇಕು ಅಂತ ರೈನ್ ಪ್ರಾಂತ್ಯದ ಸಭೆಯಲ್ಲಿ ಚರ್ಚೆ ನಡೆದಿತ್ತು. ಇದು ಸಣ್ಣ ವಿಷಯ ಅಂದುಕೊಳ್ಳಬೇಡ. 1836ರಲ್ಲಿ, ಆ ಪ್ರಾಂತ್ಯ ಸೇರಿದ್ದ ಪ್ರಷ್ಯ ರಾಜ್ಯದಲ್ಲಿ ಹೂಡಿದ 2 ಲಕ್ಷ ಚಿಲ್ಲರೆ ಮೊಕದ್ದಮೆಗಳಲ್ಲಿ ಸುಮಾರು ಒಂದೂವರೆ ಲಕ್ಷ ಸೌದೆ ಕದ್ದದ್ದು ಮತ್ತು ಅಂಥವೇ ಕಾಡಿನ ತಪ್ಪುಗಳ ಮೇಲಿನವು.

ಮಾರ್ಕ್ಸ್ ಬರೆದ ಲೇಖನಗಳಲ್ಲಿ ಒಂದು ಹೋಲಿಕೆ ಬರುತ್ತದೆ. ಹಾವು ಬಿಟ್ಟ ಪೊರೆಗೂ ಹಾವಿಗೂ ಈಗ ಎಷ್ಟು ಸಂಬಂಧವೋ, ಉದುರಿದ ಕೊಂಬೆಗೂ ಮರಕ್ಕೂ ಅಷ್ಟೇ. ಮರ ನಿನ್ನದು, ಸರಿ. ಮರವೇ ಕೈಬಿಟ್ಟದ್ದು ನಿನ್ನದು ಹೇಗಾಯಿತು? ಆಮೇಲೆ ಅವನು ಮಸೂದೆಯ ಒಳಗಿನ ಹುಳುಕನ್ನು ಒಂದೊಂದಾಗಿ ಬಿಚ್ಚುತ್ತಾನೆ. ಹೋದ ಸೌದೆಗೆ ಬೆಲೆ ಕಟ್ಟುವವನು ಕಾಡಿನ ಮಾಲೀಕನ ಸಂಬಳ ತಿನ್ನುವ ಕಾವಲುಗಾರ. ದಂಡದ ದುಡ್ಡು ಹೋಗುವುದು ಮಾಲೀಕನ ಜೇಬಿಗೆ. ದುಡ್ಡಿಲ್ಲದವನು ಅದೇ ಮಾಲೀಕನಿಗೆ ದುಡಿದು ತೀರಿಸಬೇಕು. ಅಂದರೆ ಕಳ್ಳತನ ಜಾಸ್ತಿಯಾದಷ್ಟೂ ಮಾಲೀಕನಿಗೇ ಲಾಭ! ಓದುವಾಗ ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ.

ಈಗ ಹೇಳು, ಅವನು ಯಾವ ನೆಲದ ಮೇಲೆ ನಿಂತು ವಾದಿಸಿದ? ಶಾಸನ ಮಾಡುವವರೇ ಬಡವರ ಎದುರು ನಿಂತಿದ್ದರು. 'ವರ್ಗಹೋರಾಟ' ಅನ್ನುವ ಮಾತು ಇನ್ನೂ ಅವನ ಬಾಯಿಗೆ ಬಂದಿರಲಿಲ್ಲ. ಅವನು ಹಿಡಿದದ್ದು ಬಡವರ ರೂಢಿಯ ಹಕ್ಕನ್ನು. ಅದೂ ಯಾವುದೋ ಒಂದು ಊರಿನ ರೂಢಿಯಲ್ಲ, ಎಲ್ಲ ದೇಶಗಳ ಬಡವರದ್ದು ಅಂದ. ಕಾನೂನಿನ ಪುಸ್ತಕಕ್ಕಿಂತ ಹಳೆಯದೊಂದು ನ್ಯಾಯ ಇದೆ, ಪುಸ್ತಕ ತಪ್ಪಿದರೆ ಅದನ್ನು ಎತ್ತಿ ತೋರಿಸಬಹುದು. ನೈಸರ್ಗಿಕ ಕಾನೂನು ಅನ್ನುವುದರ ತಿರುಳು ಇದೇ ಅಲ್ವಾ? ಅವನು ಆ ಹೆಸರು ಹೇಳಲಿಲ್ಲ, ಅಷ್ಟೇ. ಅರ್ಥಶಾಸ್ತ್ರದ ಕಡೆಗೆ ತನ್ನನ್ನು ಮೊದಲು ತಳ್ಳಿದ್ದರಲ್ಲಿ ಈ ಸೌದೆಯ ಗಲಾಟೆಯೂ ಒಂದು ಅಂತ 1859ರಲ್ಲಿ ಅವನೇ ನೆನೆದುಕೊಂಡಿದ್ದಾನೆ.

ನಿನ್ನ ಮಾತಿನಲ್ಲಿ ನಿಜವಿಲ್ಲ ಅನ್ನುತ್ತಿಲ್ಲ. ನೈಸರ್ಗಿಕ ಕಾನೂನು ಎರಡು ನಾಲಿಗೆಯ ಪ್ರಾಣಿ. 13ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪಂಡಿತ ತಾಮಸ್ ಅಕ್ವಿನಾಸ್, ಪ್ರಾಣಕ್ಕೇ ಸಂಚಕಾರ ಬಂದಾಗ ಬೇರೆಯವರ ವಸ್ತು ತೆಗೆದುಕೊಂಡರೆ ಅದು ಕಳ್ಳತನವೇ ಅಲ್ಲ ಅಂದ. ಹಸಿದವನಿಗೆ ಅದೇ ಕಾನೂನು ಬಾಗಿಲು ತೆರೆಯಿತು. ನಾಲ್ಕು ಶತಮಾನ ಬಿಟ್ಟು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಬಂದ. ದುಡಿದವನಿಗೆ ದುಡಿಮೆಯ ಫಲ ಸೇರಬೇಕು, ಅದು ಪ್ರಕೃತಿಯ ನಿಯಮ ಅಂದ. ಕೇಳಲು ಎಷ್ಟು ಚೆಂದ! ಆದರೆ ಅದೇ ಉಸಿರಿನಲ್ಲಿ, ನನ್ನ ಕುದುರೆ ಮೇದ ಹುಲ್ಲು, ನನ್ನ ಆಳು ಅಗೆದ ಹೆಂಟೆ ಎಲ್ಲ ನನ್ನದು ಅನ್ನುತ್ತಾನೆ. ಅಗೆದವನು ಆಳು, ಫಲ ಧಣಿಯದ್ದು. ಆಳನ್ನು ಕುದುರೆಯ ಪಕ್ಕದಲ್ಲಿ ಕಟ್ಟಿಹಾಕಿದ್ದು ಅವನ ಗಮನಕ್ಕೇ ಬಂದಂತಿಲ್ಲ. 1550–51ರಲ್ಲಿ ಸ್ಪೇನಿನ ವಯ್ಯಾದೊಲಿದ್‌ನಲ್ಲಿ ಅಮೆರಿಕದ ಮೂಲನಿವಾಸಿಗಳ ಬಗ್ಗೆ ದೊಡ್ಡ ವಾದ ನಡೆಯಿತಲ್ಲ, ಅಲ್ಲೂ ಇದೇ ಕಥೆ. ಕೆಲವರು ಹುಟ್ಟಾ ಗುಲಾಮರು ಅನ್ನುವ ಅರಿಸ್ಟಾಟಲನ ಮಾತನ್ನು ಪಂಡಿತ ಸೆಪುಲ್ವೇದ ಹಿಡಿದುಕೊಂಡ. ಇಲ್ಲ, ಅವರೂ ಬುದ್ಧಿ ವಿವೇಕ ಇರುವ ಮನುಷ್ಯರೇ ಅಂತ ಪಾದ್ರಿ ಲಾಸ್ ಕಸಾಸ್ ಎದುರು ನಿಂತ. ಇಬ್ಬರೂ ಪ್ರಕೃತಿಯನ್ನೇ ಸಾಕ್ಷಿಗೆ ಕರೆದರು.

ಹಾಗಾಗಿ 1844ರಲ್ಲಿ ಮಾರ್ಕ್ಸ್ ಈ ಹಕ್ಕುಗಳ ಮೇಲೆ ಹರಿಹಾಯ್ದದ್ದು ನನಗೆ ಅರ್ಥವಾಗುತ್ತದೆ. ಫ್ರೆಂಚ್ ಕ್ರಾಂತಿಯ ಘೋಷಣೆಗಳನ್ನು ಮುಂದಿಟ್ಟುಕೊಂಡು ಅವನು ಕೇಳಿದ: ಈ 'ಮನುಷ್ಯ' ಯಾರು? ತನ್ನ ಪಾಡಿಗೆ ತಾನಿರುವ, ಪಕ್ಕದವನನ್ನು ಕಂಡರೆ ಭಯಪಡುವ ಆಸ್ತಿವಂತ. ಇಲ್ಲಿ ಸ್ವಾತಂತ್ರ್ಯ ಅಂದರೆ ಎರಡು ಹೊಲಗಳ ನಡುವಿನ ಬೇಲಿಗೂಟ. ಪೆಟ್ಟು ಸರಿಯಾದ ಕಡೆಗೇ ಬಿತ್ತು. ಆದರೆ ಗೂಟ ಕಿತ್ತೆಸೆದರೆ ಸಾಕು, ಆಮೇಲೆ ಯಾರೂ ಯಾರನ್ನೂ ತುಳಿಯುವುದಿಲ್ಲ ಅಂತ ಅವನ ಹಿಂದೆ ಬಂದವರು ನಂಬಿದರಲ್ಲ, ನನ್ನ ತಕರಾರು ಅಲ್ಲಿದೆ.

ನಿನಗೆ ಇಷ್ಟವಾದ ಯುಟೋಪಿಯಕ್ಕೆ, ಅಂದರೆ ಕನಸಿನ ಆದರ್ಶ ಸಮಾಜಕ್ಕೆ, ಬರೋಣ. 1516ರಲ್ಲಿ ಇಂಗ್ಲೆಂಡಿನ ತಾಮಸ್ ಮೋರ್ ತನ್ನ ಪುಸ್ತಕದಲ್ಲಿ ಕಟ್ಟಿದ ದ್ವೀಪವನ್ನು ನೀನು ಬಾಯಿತುಂಬ ಹೊಗಳುತ್ತೀಯ. ದಿನಕ್ಕೆ ಆರೇ ಗಂಟೆ ಕೆಲಸ. ದುಡ್ಡೇ ಇಲ್ಲ. ಚಿನ್ನದಲ್ಲಿ ಉಚ್ಚೆಪಾತ್ರೆ ಮಾಡಿಟ್ಟಿದ್ದಾರೆ. ನಿಜ, ಮಜವಾಗಿದೆ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. ಬೇರೆ ಊರಿಗೆ ಹೋಗಲು ಅಪ್ಪಣೆ ಚೀಟಿ ಬೇಕು. ಇಲ್ಲದೆ ಹೋಗಿ ಸಿಕ್ಕಿಬಿದ್ದರೆ ಶಿಕ್ಷೆ, ಎರಡನೇ ಸಲ ಸಿಕ್ಕಿಬಿದ್ದರೆ ಗುಲಾಮಗಿರಿ. ಹೊಟ್ಟೆ ತುಂಬಿದೆ, ಕಾಲಿಗೆ ಹಗ್ಗ ಇದೆ. ಜೇಲಿನಲ್ಲೂ ಊಟ ಹಾಕುತ್ತಾರೆ, ಮಾರಾಯ.

ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್ 1880ರಲ್ಲಿ ಇಂಥ ಆದರ್ಶ ಸಮಾಜದ ಕನಸುಗಾರರನ್ನು ಪ್ರೀತಿಯಿಂದಲೇ ಪಕ್ಕಕ್ಕಿಟ್ಟ. ಅಂಥ ಕನಸುಗಾರರಲ್ಲೊಬ್ಬನಾದ ರಾಬರ್ಟ್ ಓವೆನ್ ಅಮೆರಿಕದಲ್ಲಿ 1825ರಲ್ಲಿ ಕಟ್ಟಿದ ಆದರ್ಶ ಊರು 'ನ್ಯೂ ಹಾರ್ಮನಿ' ಎರಡೇ ವರ್ಷದಲ್ಲಿ ಚದುರಿಹೋಗಿತ್ತು. ಮುಂದೆ ಬರುವ ಕಾಲದ ಅಡುಗೆಮನೆಗೆ ಈಗಲೇ ಪಾಕವಿಧಾನ ಬರೆದಿಡುವುದಿಲ್ಲ ಅಂತ ಮಾರ್ಕ್ಸ್ ತಮಾಷೆ ಮಾಡಿದ. ಒಪ್ಪಿದೆ. ಆದರೆ ಪಾಕ ಬರೆಯದಿದ್ದರೂ, ಉಣ್ಣುವವನು ಯಾರದೂ ಆಳಾಗಿ ಕೂತಿಲ್ಲ ಅನ್ನುವುದನ್ನಾದರೂ ಬರೆದಿಡಬೇಕಿತ್ತು.

ಅದನ್ನು ಬರೆದಿಡದೆ ಹೋದದ್ದರ ಬೆಲೆ ಎಷ್ಟು? ನನಗೆ ನೆನಪಾಗುವುದು ಎವ್ಗೇನಿ ಪಶುಕಾನಿಸ್. ಸೋವಿಯತ್ ಕಾನೂನು ಪಂಡಿತ. 1924ರಲ್ಲಿ ಬಂದ ಅವನ ಪುಸ್ತಕ ಇವತ್ತಿಗೂ ಮಾರ್ಕ್ಸ್‌ವಾದಿ ಕಾನೂನು ಚಿಂತನೆಯ ಮುಖ್ಯ ಕೃತಿಗಳಲ್ಲೊಂದು. ಕಾನೂನು, ಹಕ್ಕು, ಒಪ್ಪಂದ ಇವೆಲ್ಲ ಸಂತೆಯ ನೆರಳು, ಸಂತೆ ಎದ್ದುಹೋದರೆ ನೆರಳೂ ಹೋಗುತ್ತದೆ ಅನ್ನುವುದು ಅವನ ವಾದ. ತುಂಬ ಚೂಪು ಬುದ್ಧಿ. ಸ್ಟಾಲಿನ್ ಕಾಲದಲ್ಲಿ, 1937ರಲ್ಲಿ ಅವನನ್ನೇ ಹಿಡಿದು ಗುಂಡಿಟ್ಟು ಕೊಂದರು. ಯಾರಾದರೂ ಒಬ್ಬ ವಕೀಲ ಎದ್ದುನಿಂತು "ಇವನಿಗೊಂದು ಹಕ್ಕಿದೆ" ಅನ್ನಬಹುದಾದ ನೆರಳೂ ಅಲ್ಲಿ ಉಳಿದಿರಲಿಲ್ಲ. ಇದನ್ನು ನಿನ್ನ ಮೇಲೆ ಗೆಲ್ಲಲು ಹೇಳುತ್ತಿಲ್ಲ. ಅವನ ಪುಸ್ತಕವನ್ನು ನಾನು ಇಷ್ಟಪಟ್ಟೇ ಓದಿದ್ದೆ, ಅದಕ್ಕೇ ಈ ಸಾವು ಜಾಸ್ತಿ ಕಾಡುತ್ತದೆ.

ಈ ಗಂಟನ್ನು ಬಿಡಿಸಲು ಕೈಹಾಕಿದವನು ಜರ್ಮನ್ ಮಾರ್ಕ್ಸ್‌ವಾದಿ ಚಿಂತಕ ಎರ್ನ್ಸ್ಟ್ ಬ್ಲಾಖ್. ವಿಚಿತ್ರ ಅಂದರೆ ಸ್ಟಾಲಿನ್ ತನ್ನ ಎದುರಾಳಿಗಳ ಮೇಲೆ ನಡೆಸಿದ ಮಾಸ್ಕೋ ವಿಚಾರಣೆಗಳ ಹೊತ್ತಿನಲ್ಲಿ ಇದೇ ಬ್ಲಾಖ್ ಅವುಗಳ ಪರ ಬರೆದಿದ್ದ. ಅದನ್ನು ಮರೆಯಲು ನನಗಾಗುವುದಿಲ್ಲ, ಮರೆಯಲೂಬಾರದು. ಮುಂದೆ ಪೂರ್ವ ಜರ್ಮನಿಯಲ್ಲಿ ಪ್ರಾಧ್ಯಾಪಕನಾದ. 1957ರಲ್ಲಿ ಅಲ್ಲಿನವರೇ ಅವನನ್ನು ಬಲವಂತವಾಗಿ ನಿವೃತ್ತಿ ಮಾಡಿಸಿದರು. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಪಶ್ಚಿಮ ಜರ್ಮನಿಯಲ್ಲಿದ್ದವನು ವಾಪಸ್ ಹೋಗಲಿಲ್ಲ. ನೈಸರ್ಗಿಕ ಕಾನೂನು ಮತ್ತು ಮಾನವ ಘನತೆಯ ಬಗೆಗಿನ ಅವನ ಪುಸ್ತಕ ಬಂದದ್ದೂ ಅದೇ ವರ್ಷ.

ಅವನು ಹೇಳುವುದು ಸರಳ. ಯುಟೋಪಿಯ ನೋಡುವುದು ಸುಖದ ಕಡೆಗೆ, ಬೆನ್ನು ಬಗ್ಗಿಸಿ ದುಡಿಯುವವರ ಕಷ್ಟ ತೀರಬೇಕು ಅನ್ನುತ್ತದೆ. ನೈಸರ್ಗಿಕ ಕಾನೂನು ನೋಡುವುದು ಘನತೆಯ ಕಡೆಗೆ, ಅವಮಾನ ಉಂಡವರು ತಲೆ ಎತ್ತಿ ನಡೆಯಬೇಕು ಅನ್ನುತ್ತದೆ. ಹಸಿವು ತೀರದೆ ತಲೆ ಎತ್ತಲಾಗದು, ತಲೆ ತಗ್ಗಿಸಿ ಉಂಡದ್ದು ಸುಖವಲ್ಲ. ಮಾರ್ಕ್ಸ್‌ವಾದ ಮೊದಲನೆಯದನ್ನು ಮಾತ್ರ ತನ್ನ ಆಸ್ತಿ ಅಂದುಕೊಂಡು ಎರಡನೆಯದನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟಿತು. ಆದರೆ ಅದೂ ಮಾರ್ಕ್ಸ್‌ವಾದಿಗಳದ್ದೇ ಪಿತ್ರಾರ್ಜಿತ. ಬ್ಲಾಖ್ ಇದನ್ನು ಸುತ್ತಿ ಬಳಸಿ, ಉದ್ದುದ್ದ ವಾಕ್ಯಗಳಲ್ಲಿ ಹೇಳುತ್ತಾನೆ. ಅರ್ಧದಷ್ಟು ಪುಟಗಳನ್ನು ನಾನು ಎರಡೆರಡು ಸಲ ಓದಬೇಕಾಯಿತು.

ನನಗಂತೂ ಈ ಎರಡೂ ಆ 24ರ ಹುಡುಗನ ಲೇಖನದಲ್ಲೇ ಸಿಗುತ್ತವೆ. ಪುಳ್ಳೆ ಆಯುವ ಹೆಂಗಸಿಗೆ ಒಲೆ ಉರಿಯಬೇಕು. ಜೊತೆಗೆ ಅವಳನ್ನು ಕಳ್ಳಿ ಅನ್ನಬಾರದು. ಕಾಡಿನ ಮಾಲೀಕ ಒಂದು ದಿನ ಮನಸ್ಸು ಕರಗಿ ಗಾಡಿ ತುಂಬ ಸೌದೆ ಕಳಿಸಿಬಿಟ್ಟ ಅನ್ನು. ಒಲೆ ಉರಿಯುತ್ತದೆ. ಅವಳ ಲೆಕ್ಕ ಚುಕ್ತಾ ಆಯಿತಾ? ನಿನ್ನ ಪ್ರಕಾರ ಆಗಬೇಕು. ಆಗಲಿಲ್ಲ ಅಂತ ನಿನಗೂ ಅನ್ನಿಸಿದರೆ, ಉಳಿದ ಬಾಕಿಗೆ ನಿನ್ನ ಹತ್ತಿರ ಏನು ಹೆಸರಿದೆ ಅಂತ ಬರೆದು ಕಳಿಸು. ಫೋನ್ ಬೇಡ, ಫೋನಿನಲ್ಲಿ ನೀನು ಸುಮ್ನೆ ನಕ್ಕು ತಪ್ಪಿಸಿಕೊಳ್ಳುತ್ತೀಯ.

ಇಂತಿ,
ನಿನ್ನ ಜಗಳಗಂಟ ಗೆಳೆಯ