ಫ್ಲ್ಯಾಟ್ ಮಾರುವ ಮುನ್ನ ನೀರಿನ ಲೆಕ್ಕ ಕೊಡಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪೂರ್ವಭಾಗದಲ್ಲಿ, ಸರ್ಜಾಪುರ ರಸ್ತೆಯಿಂದ ವರ್ತೂರಿನವರೆಗೆ ಏಳುತ್ತಿರುವ ಬಹುಮಹಡಿ ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ ‘ಸುಸ್ಥಿರ’, ‘ಹಸಿರು’, ‘ಪರಿಸರಸ್ನೇಹಿ’ ಎಂಬ ಮಾತುಗಳಿಗೆ ಬರವಿಲ್ಲ. ಆದರೆ ಅಲ್ಲಿ ವಾಸಿಸಲಿರುವ ನೂರಾರು ಕುಟುಂಬಗಳಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಬೇಕು, ಅದು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಸುವ ಜಾಹೀರಾತನ್ನು ನಾನಂತೂ ಕಂಡಿಲ್ಲ. ನಕ್ಷೆ ಮಂಜೂರಾತಿಗೆ ಮೊದಲೇ ಬಿಲ್ಡರ್‌ಗಳಿಂದ ಈ ಲೆಕ್ಕವನ್ನು ಕಡ್ಡಾಯವಾಗಿ ಪಡೆದು, ಪರಿಶೀಲಿಸಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಸರ್ಕಾರವನ್ನು ಒತ್ತಾಯಿಸಲು ಈ ಪತ್ರ ಬರೆಯುತ್ತಿದ್ದೇನೆ.

ಹವಾಮಾನ ಬದಲಾವಣೆ ಈ ಭಾಗದವರಿಗೆ ದೂರದ ಸಂಗತಿಯಾಗಿ ಉಳಿದಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಸುರಿದ ಮಳೆಗೆ ಇದೇ ಸರ್ಜಾಪುರ ರಸ್ತೆ ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿ, ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ತರಬೇಕಾಯಿತು. ಮರುವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಮಾರ್ಚ್ ಹೊತ್ತಿಗೆ ಕಾರು ತೊಳೆಯಲು, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಳಿ ಆದೇಶ ಹೊರಡಿಸಿತು. ಹೀಗೆ ಒಂದೂವರೆ ವರ್ಷದೊಳಗೆ ಪ್ರವಾಹವನ್ನೂ ಬರವನ್ನೂ ಕಂಡ ಪ್ರದೇಶದಲ್ಲಿ ಹೊಸ ಗೋಪುರಗಳಿಗೆ ಅನುಮತಿ ಮಾತ್ರ ಎಂದಿನಂತೆ ಸಿಗುತ್ತಲೇ ಇದೆ.

ಮಳೆನೀರು ಕೊಯ್ಲು ಇದ್ದರೆ ಸಾಕು, ಕೊರತೆ ನೀಗುತ್ತದೆ ಎಂಬ ವಾದವನ್ನು ಲೆಕ್ಕಕ್ಕೆ ಇಟ್ಟು ನೋಡಬೇಕು. ಎರಡು ಎಕರೆ ಜಾಗದಲ್ಲಿ 200 ಮನೆಗಳ ಸಮುಚ್ಚಯವಿದೆ ಎಂದುಕೊಳ್ಳೋಣ. ಮನೆಗೆ ನಾಲ್ವರಂತೆ, ತಲೆಗೆ 135 ಲೀಟರ್‌ನಂತೆ ಹಿಡಿದರೆ ದಿನಕ್ಕೆ 1.08 ಲಕ್ಷ ಲೀಟರ್, ವರ್ಷಕ್ಕೆ ಸುಮಾರು 3.94 ಕೋಟಿ ಲೀಟರ್ ನೀರು ಬೇಕು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್. ಆ ಎರಡು ಎಕರೆಯ ಮೇಲೆ ಬಿದ್ದ ಒಂದು ಹನಿಯೂ ಪೋಲಾಗದಂತೆ ಹಿಡಿದರೂ ಸಿಗುವುದು 78 ಲಕ್ಷ ಲೀಟರ್, ಅಂದರೆ ಬೇಡಿಕೆಯ ಐದನೇ ಒಂದು ಭಾಗ ಮಾತ್ರ. ಮಳೆನೀರು ಕೊಯ್ಲನ್ನು 2009ರಲ್ಲೇ ಕಡ್ಡಾಯಗೊಳಿಸಿದ ನಗರ ನಮ್ಮದು. ಅದು ಸರಿಯಾದ ಕ್ರಮವೇ. ಆದರೆ ಇಷ್ಟೊಂದು ಜನರನ್ನು ಇಷ್ಟು ಕಿರಿದಾದ ಜಾಗದಲ್ಲಿ ಒಂದರ ಮೇಲೊಂದು ಮನೆ ಕಟ್ಟಿ ಇರಿಸಿದ ಮೇಲೆ ಉಳಿದ ನಾಲ್ಕು ಪಾಲು ಕೊಳವೆಬಾವಿ, ಟ್ಯಾಂಕರ್, ಕಾವೇರಿ ಇಲ್ಲವೇ ಸಂಸ್ಕರಿಸಿದ ನೀರಿನಿಂದಲೇ ಬರಬೇಕು.

ಕೊಳವೆಬಾವಿಯ ಮಾತಿಗೆ ಬಂದರೆ, ಬೆಂಗಳೂರು ಪೂರ್ವ ಮತ್ತು ಆನೇಕಲ್ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ವರ್ಗಕ್ಕೆ ಸೇರಿವೆ. ಟ್ಯಾಂಕರ್ ನೀರು ಕೂಡ ಪಕ್ಕದ ಊರಿನ ಕೊಳವೆಬಾವಿಯದೇ. ಹಸಿರು ಕಟ್ಟಡದ ಪ್ರಮಾಣಪತ್ರ ನೀಡುವವರು ನೀರಿನ ಮಿತಬಳಕೆಗೂ ಅಂಕ ಕೊಡುತ್ತಾರೆ, ನಿಜ. ಆದರೆ ಅವರು ಅಳೆಯುವುದು ಒಂದು ಕಟ್ಟಡವನ್ನು. ಒಂದೇ ಹಳ್ಳಿಯ ನೆಲದಲ್ಲಿ ಪ್ರಮಾಣಪತ್ರ ಪಡೆದ ಹತ್ತು ಕಟ್ಟಡಗಳು ಸಾಲಾಗಿ ನಿಂತರೆ ಅವೆಲ್ಲವೂ ಒಂದೇ ಅಂತರ್ಜಲವನ್ನು ಹೀರುತ್ತವೆ ಎಂಬುದು ಯಾವ ಅಂಕಪಟ್ಟಿಯಲ್ಲೂ ಕಾಣದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ಸಿಗಲಿದೆ ಎಂದು ಬಿಲ್ಡರ್‌ಗಳು ಹೇಳುತ್ತಾರೆ. ಆ ನೀರು 2007ರಲ್ಲಿ ಪಾಲಿಕೆಗೆ ಸೇರಿಯೂ ವರ್ಷಗಟ್ಟಲೆ ಕಾದ 110 ಹಳ್ಳಿಗಳಿಗೆ ಮೀಸಲಾದದ್ದು, ನೂರು ಕಿಲೋಮೀಟರ್ ಆಚೆಯಿಂದ ವಿದ್ಯುತ್ ಸುರಿದು ಮೇಲೆತ್ತಿ ತರಬೇಕಾದದ್ದು. ಅದನ್ನು ಇನ್ನೂ ಕಟ್ಟದ ಗೋಪುರಗಳ ಮಾರಾಟಕ್ಕೆ ಬಂಡವಾಳ ಮಾಡಿಕೊಳ್ಳುವುದು ನನ್ನ ಮಟ್ಟಿಗೆ ನ್ಯಾಯವಲ್ಲ.

ಇನ್ನು ಸಂಸ್ಕರಿಸಿದ ನೀರು. ಮೇಲಿನ ಸಮುಚ್ಚಯದಲ್ಲಿ ಬಳಸಿದ ನೀರಿನ ಶೇ 80ರಷ್ಟು, ಅಂದರೆ ದಿನಕ್ಕೆ 86,000 ಲೀಟರ್, ಕೊಳಚೆ ನೀರು ಸಂಸ್ಕರಣಾ ಘಟಕಕ್ಕೆ (ಎಸ್‌ಟಿಪಿ) ಹೋಗುತ್ತದೆ. ಪ್ರತ್ಯೇಕ ಕೊಳವೆ ಹಾಕಿದ್ದರೆ ಶೌಚಾಲಯದ ಫ್ಲಶ್‌ಗೆ ಸುಮಾರು 36,000 ಲೀಟರ್ ಮರಳಿ ಬಳಸಬಹುದು, ತೋಟಕ್ಕೆ ಇನ್ನೊಂದಿಷ್ಟು. ಉಳಿದದ್ದು ಕಾಲುವೆಗೆ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಸೇರುತ್ತದೆ. ಘಟಕ ಕೆಟ್ಟಿದ್ದರೆ ಸೇರುವುದು ಕೊಳಚೆಯೇ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನು ಈ ನಗರ ಮರೆತಿಲ್ಲ. ಬಿಲ್ಡರ್‌ಗಳು ತರಾತುರಿಯಲ್ಲಿ ಕಟ್ಟಿ ಕೈತೊಳೆದುಕೊಂಡ ಘಟಕವನ್ನು ದುರಸ್ತಿ ಮಾಡಿಸುವ ಹೊರೆ ಕೊನೆಗೆ ನಿವಾಸಿಗಳ ಸಂಘದ ತಲೆಗೆ ಬರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸೂ ಅವರಿಗೇ ಬರುತ್ತದೆ.

ಇದಕ್ಕೆಲ್ಲ ಹೊಸ ಕಾನೂನು ಬೇಕೆಂದು ನಾನು ಕೇಳುತ್ತಿಲ್ಲ. ಯೋಜನೆಯ ನೋಂದಣಿ ಅರ್ಜಿಯಲ್ಲಿ ಕುಡಿಯುವ ನೀರಿನ ವ್ಯವಸ್ಥೆಯ ವಿವರ ಇರಬೇಕೆಂದು 2016ರ ರೇರಾ ಕಾಯ್ದೆಯ 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಮನೆ ಹಸ್ತಾಂತರಿಸಿದ ಐದು ವರ್ಷದೊಳಗೆ ಸೌಲಭ್ಯಗಳ ಒದಗಣೆಯಲ್ಲಿ ಕಂಡುಬಂದ ದೋಷವನ್ನು ಪ್ರವರ್ತಕರೇ, ಅಂದರೆ ಬಿಲ್ಡರ್‌ಗಳೇ, ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕೆಂದು 14ನೇ ಸೆಕ್ಷನ್ ವಿಧಿಸುತ್ತದೆ. ಈ ‘ವಿವರ’ವು ‘ಕೊಳವೆಬಾವಿ ಮತ್ತು ಜಲಮಂಡಳಿ ಸಂಪರ್ಕ’ ಎಂಬ ಒಂದು ಸಾಲಿನಲ್ಲಿ ಮುಗಿಯಬಾರದು. ಬೇಡಿಕೆಯ ಪ್ರಮಾಣ, ಬೇಸಿಗೆಯಲ್ಲಿ ನಡೆಸಿದ ಕೊಳವೆಬಾವಿಯ ಇಳುವರಿ ಪರೀಕ್ಷೆ, ಎಸ್‌ಟಿಪಿಯ ಸಾಮರ್ಥ್ಯ, ಹೆಚ್ಚುವರಿ ಸಂಸ್ಕರಿತ ನೀರನ್ನು ಕೊಳ್ಳುವವರೊಂದಿಗಿನ ಒಪ್ಪಂದ ಇವೆಲ್ಲ ಅದರಲ್ಲಿರಲಿ.

ಇದರಿಂದ ಮನೆಗಳ ಬೆಲೆ ಏರುತ್ತದೆ ಎಂಬ ಆಕ್ಷೇಪ ಬರುವುದು ಖಚಿತ. ಸ್ವಲ್ಪ ಏರಬಹುದು. ಆದರೆ ಖರೀದಿಯ ದಿನ ಕಾಣದ ಆ ವೆಚ್ಚವನ್ನು ಈಗಲೂ ನಿವಾಸಿಗಳೇ ಟ್ಯಾಂಕರ್ ಬಿಲ್ಲಿನ ರೂಪದಲ್ಲಿ, ಬ್ಯಾಂಕ್ ಸಾಲದ ಕಂತಿನ ಜೊತೆಗೆ ತಿಂಗಳು ತಿಂಗಳೂ ತೆರುತ್ತಿದ್ದಾರೆ. 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಮಹಾಯೋಜನೆಯನ್ನೇ (ಮಾಸ್ಟರ್ ಪ್ಲಾನ್) ಹಿಡಿದು ನಡೆಯುತ್ತಿರುವ ಈ ನಗರಕ್ಕೆ ಹೊಸ ಯೋಜನೆ ಸಿದ್ಧವಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಜಲಮಂಡಳಿ ಮತ್ತು ರೇರಾ ಜೊತೆ ಕುಳಿತು ಅರ್ಜಿಯ ನಮೂನೆಯನ್ನು ಬದಲಿಸಿದರೆ ಸಾಕು. ಎಸ್‌ಟಿಪಿ ಪೂರ್ಣ ಪ್ರಮಾಣದಲ್ಲಿ ಓಡುವುದನ್ನು ಕಣ್ಣಾರೆ ಪರಿಶೀಲಿಸದೆ ಯಾವ ಸಮುಚ್ಚಯಕ್ಕೂ ವಾಸಕ್ಕೆ ಅನುಮತಿ ನೀಡುವ ಸ್ವಾಧೀನಾನುಭವ ಪತ್ರ ಕೊಡುವುದಿಲ್ಲವೆಂಬ ಷರತ್ತನ್ನೂ ಅದರಲ್ಲೇ ಸೇರಿಸಬಹುದು.

ಇಂತಿ,
ನಿಮ್ಮ ಓದುಗ
ವರ್ತೂರು, ಬೆಂಗಳೂರು