ಫೈನಲ್‌ಗೆ ಮುಂಚೆ ಡಿಫೆನ್ಸ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ ಹತ್ತಿರ ಬಂತು, ಯಾರ ಡಿಫೆನ್ಸ್ ಗಟ್ಟಿ ಅನ್ನೋ ಚರ್ಚೆ ಇಲ್ಲಿ ಜೋರಾಗಿದೆ. ಒಂದು ಕೋರಿಕೆ: ಪಂದ್ಯಕ್ಕೆ ಎಷ್ಟು ಪಾಯಿಂಟ್ ಬಿಟ್ಟುಕೊಟ್ಟರು ಅನ್ನೋ ಸರಾಸರಿಯನ್ನಷ್ಟೇ ಹಾಕಬೇಡಿ. ನಿಧಾನವಾಗಿ ಆಡುವ ತಂಡಕ್ಕೆ ಅದು ಹೇಗೂ ಕಡಿಮೆ ಬರುತ್ತದೆ, ಅಲ್ವಾ? 100 ಪೊಸೆಷನ್‌ಗೆ (ಎದುರಾಳಿಗೆ ಚೆಂಡು ಸಿಕ್ಕ ಸರದಿಗಳಿಗೆ) ಎಷ್ಟು ಪಾಯಿಂಟ್ ಬಿಟ್ಟರು ಅನ್ನೋ ಲೆಕ್ಕ, ಅಂದರೆ ಡಿಫೆನ್ಸಿವ್ ರೇಟಿಂಗ್, ಹಾಕಿ.

ಅದಕ್ಕಿಂತ ಮುಖ್ಯ ಪಿಕ್ ಅಂಡ್ ರೋಲ್: ಒಬ್ಬ ಆಟಗಾರ ಡಿಫೆಂಡರ್‌ಗೆ ಅಡ್ಡ ನಿಂತು (ಇದೇ ಸ್ಕ್ರೀನ್) ಚೆಂಡಿರುವ ಜೊತೆಗಾರನಿಗೆ ದಾರಿ ಮಾಡಿಕೊಟ್ಟು, ತಾನು ರಿಂಗ್ ಕಡೆ ನುಗ್ಗುವ ಆಟ. ಏಳು ಪಂದ್ಯಗಳ ಸರಣಿಯಲ್ಲಿ ಎದುರಾಳಿ ಕೋಚ್ ದುರ್ಬಲ ಡಿಫೆಂಡರ್ ಯಾರು ಅಂತ ಹುಡುಕಿ, ಮತ್ತೆ ಮತ್ತೆ ಅವನನ್ನೇ ಸ್ಕ್ರೀನ್‌ಗೆ ಎಳೆಸುತ್ತಾನೆ. ಆಗ ಸೆಂಟರ್, ಅಂದರೆ ರಿಂಗ್ ಕಾಯುವ ಎತ್ತರದ ಆಟಗಾರ, ಏನು ಮಾಡುತ್ತಾನೆ ನೋಡಿ. ರಿಂಗ್ ಹತ್ತಿರವೇ ನಿಂತರೆ ಶೂಟರ್‌ಗೆ ದೂರದಿಂದ ತ್ರೀ (ಮೂರು ಪಾಯಿಂಟ್‌ನ ಶಾಟ್) ಹೊಡೆಯಲು ಜಾಗ ಸಿಗುತ್ತದೆ. ಮುಂದೆ ಬಂದರೆ ರಿಂಗ್ ಕೆಳಗೆ ಖಾಲಿ. ಕಾರ್ನರ್‌ನಲ್ಲಿರುವ ಡಿಫೆಂಡರ್ ಓಡಿ ಬಂದು ಮುಚ್ಚಬೇಕು. ಅವನು ಎರಡು ಹೆಜ್ಜೆ ತಡ ಮಾಡಿದರೆ ಸುಲಭದ ಲೇಅಪ್, ಅಂದರೆ ರಿಂಗ್ ಪಕ್ಕದಿಂದಲೇ ಹಾಕುವ ಶಾಟ್. ಬ್ಲಾಕ್‌ಗಳ (ತಡೆದ ಶಾಟ್‌ಗಳ) ಲೆಕ್ಕಕ್ಕಿಂತ ಈ ಓಟವೇ ನನಗೆ ಜಾಸ್ತಿ ಹೇಳುತ್ತದೆ.

ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಕೈಗೆ ಸಿಗದಿದ್ದರೆ ಡಿಫೆನ್ಸ್ ಮುಗಿದಿಲ್ಲ ಅಂತಲೇ ಲೆಕ್ಕ.

ಸ್ಟಾರ್‌ಗಳಿದ್ದರೆ ಸಾಕು ಅನ್ನುವವರು 2004ರ ಫೈನಲ್ ನೋಡಿ. ಶಕೀಲ್ ಓನೀಲ್, ಕೋಬಿ ಬ್ರಯಾಂಟ್ ಇದ್ದ ಲೇಕರ್ಸ್ ತಂಡವನ್ನು ಡೆಟ್ರಾಯಿಟ್ ಪಿಸ್ಟನ್ಸ್ ಮೂರನೇ ಪಂದ್ಯದಲ್ಲಿ 68 ಪಾಯಿಂಟ್‌ಗೆ ಕಟ್ಟಿಹಾಕಿತು. ಸರಣಿ 4-1ರಿಂದ ಪಿಸ್ಟನ್ಸ್ ಪಾಲಾಯಿತು.

ನಿಮ್ಮ ಅಂದಾಜನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಹಾಕಿ. ಸುಮ್ನೆ ಫಾರ್ವರ್ಡ್ ಮಾಡಿದ ಮೆಸೇಜ್ ಬೇಡ.