ಬ್ರೇಕ್ ಪ್ಯಾಡ್ ಬದಲಾವಣೆ: ಭಾನುವಾರ ಬರುವವರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಮುಂದಿನ ಚಕ್ರಗಳ ಡಿಸ್ಕ್ ಬ್ರೇಕ್ ಪ್ಯಾಡ್‌ಗಳನ್ನು ನಾವೇ ಬದಲಿಸಿಕೊಂಡು ಕೂಲಿಯ ಖರ್ಚು ಉಳಿಸುವ ಕೆಲಸವನ್ನು ಬರುವ ಭಾನುವಾರ ಬೆಳಿಗ್ಗೆ 9 ಗಂಟೆಗೆ ಇಟ್ಟುಕೊಳ್ಳಲಾಗಿದೆ. ಪ್ಯಾಡಿನಲ್ಲಿ ಡಿಸ್ಕಿಗೆ ಉಜ್ಜುವ ಪದರ 3 ಮಿಲಿಮೀಟರ್‌ನಷ್ಟು ಅಥವಾ ಅದಕ್ಕಿಂತ ಕಡಿಮೆ ಉಳಿದಿರುವವರು ಬರಬಹುದು. ಲೋಹಕ್ಕೆ ಲೋಹ ಉಜ್ಜುವ ಸದ್ದು ಬರುತ್ತಿದ್ದರೆ ಅಥವಾ ಡಿಸ್ಕಿನಲ್ಲಿ ಆಳವಾದ ಗೀರುಗಳಿದ್ದರೆ ದಯವಿಟ್ಟು ಮೆಕ್ಯಾನಿಕ್‌ಗೆ ತೋರಿಸಿ.

ಕಾರಿನ ಮಾಡೆಲ್ ಮತ್ತು ವರ್ಷಕ್ಕೆ ಹೊಂದುವ ಪ್ಯಾಡ್‌ಗಳನ್ನು ಎಡ ಬಲ ಎರಡೂ ಚಕ್ರಗಳಿಗೆ ಸೇರಿಸಿಯೇ ತನ್ನಿ, ಏಕೆಂದರೆ ಒಂದೇ ಕಡೆ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು. ಜ್ಯಾಕ್, ಸ್ಪ್ಯಾನರ್ ಹಂಚಿಕೊಳ್ಳೋಣ. ಆದರೆ ಜ್ಯಾಕ್ ಒಂದನ್ನೇ ನಂಬಿ ಕೆಲಸ ಮಾಡಲು ಬಿಡುವುದಿಲ್ಲ, ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಕಡ್ಡಾಯ. ಉಳಿತಾಯ ಮಾಡುವ ಜಾಗ ಇದಲ್ಲ.

ಚಕ್ರದ ನಟ್‌ಗಳನ್ನು ಗಾಡಿ ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಬಿಚ್ಚಿದ ಕ್ಯಾಲಿಪರ್ ಅನ್ನು (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ರಬ್ಬರ್ ಹೋಸ್‌ನಿಂದ ಜೋತಾಡಲು ಬಿಡದೆ ತಂತಿಯಿಂದ ಕಟ್ಟಿ, ಹಳೆಯ ಪ್ಯಾಡನ್ನು ಕ್ಯಾಲಿಪರ್ ಒಳಗಿನ, ಪ್ಯಾಡನ್ನು ತಳ್ಳುವ ಪಿಸ್ಟನ್‌ಗೆ ಅಡ್ಡವಿಟ್ಟು, ತಿರುಪು ತಿರುಗಿಸಿ ಒತ್ತುವ ಸಿ-ಕ್ಲ್ಯಾಂಪ್‌ನಿಂದ ಪಿಸ್ಟನ್ ಅನ್ನು ನಿಧಾನವಾಗಿ ಒಳಕ್ಕೆ ಒತ್ತಬೇಕು; ಆಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಏರುವುದರಿಂದ ಅದು ಉಕ್ಕಿ ಗಾಡಿಯ ಬಣ್ಣದ ಮೇಲೆ ಚೆಲ್ಲದಂತೆ ಒಬ್ಬರು ನೋಡುತ್ತಿರಲಿ. ಪ್ಯಾಡಿನ ಮುಖಕ್ಕೆ ಗ್ರೀಸ್ ಸೋಕಬಾರದು. ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಚಕ್ರ ಜೋಡಿಸಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತದೆ ಯಾರೂ ಗಾಡಿ ಕದಲಿಸಕೂಡದು. ಹಿಂಬದಿಯ ಬ್ರೇಕ್‌ಗಳನ್ನು ಈ ಬಾರಿ ಮುಟ್ಟುವುದಿಲ್ಲ.

ಬರುವವರು ಗುರುವಾರದೊಳಗೆ ಕಾರಿನ ಮಾಡೆಲ್, ವರ್ಷ ಮತ್ತು ನಿಮ್ಮಲ್ಲಿರುವ ಉಪಕರಣಗಳನ್ನು ಇಲ್ಲಿಯೇ ಬರೆದು ತಿಳಿಸಬೇಕಾಗಿ ವಿನಂತಿ.